ತೆರೆಯ ಹಿಂದಿನ ಹಿಮ್ಮೇಳ

ಕಿರುತೆರೆಯ ಮೇಲೆ ಇಬ್ಬರು ಕುಳಿತು ಅರ್ಧ ಗಂಟೆ ಮಾತನಾಡುತ್ತಾರೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಕೇಳುವವರ ಮುಖ, ಹೇಳುವವರ ಮುಖ, ನಡುವೆ ಒಮ್ಮೆ ಇಬ್ಬರೂ ಸೇರಿದ ನೋಟ, ಇಷ್ಟೇ. ಮನೆಯಲ್ಲಿ ಊಟ ಮಾಡುತ್ತ ನೋಡುವವರಿಗೆ ಇದರಲ್ಲಿ ಕಲಿಯುವಂಥದ್ದು ಏನಿದೆ ಎನಿಸುವುದು ಸಹಜ. ಆದರೆ ಆ ಅರ್ಧ ಗಂಟೆಗಾಗಿ ಹತ್ತು ಹನ್ನೆರಡು ಮಂದಿ ಮಾತೇ ಆಡದೆ ದುಡಿದಿರುತ್ತಾರೆ. ಅವರಲ್ಲಿ ಒಬ್ಬರ ಕೈ ಅರೆಕ್ಷಣ ತಡವಾದರೂ ಸಾಕು, ಹೇಳುವವರ ಮಾತು ಮುಗಿದ ಮೇಲೆ ಅವರ ಮುಖ ಕಾಣಿಸುತ್ತದೆ. ಕೇಳುವವರು ಮೂಗು ಒರೆಸಿಕೊಳ್ಳುವುದು ನಾಡಿಗೆಲ್ಲ ಕಾಣಿಸುತ್ತದೆ.

ಪತ್ರಿಕೋದ್ಯಮ ಮತ್ತು ವಿದ್ಯುನ್ಮಾನ ಮಾಧ್ಯಮದ ತರಗತಿಗಳಲ್ಲಿ ಟಿ.ವಿ. ಸ್ಟುಡಿಯೊ ನಿರ್ಮಾಣ ಎಂಬ ಹೆಸರಿನಲ್ಲಿ ಕಲಿಸುವುದು ಈ ಹತ್ತು ಹನ್ನೆರಡು ಮಂದಿಯ ಕೆಲಸವನ್ನು. ಚಳ್ಳಕೆರೆಯಿಂದಲೋ ಮೊಳಕಾಲ್ಮುರಿನಿಂದಲೋ ಬಂದ ವಿದ್ಯಾರ್ಥಿಗೆ ಈ ಪಾಠ ಮೊದಮೊದಲು ಹೊಸ ಭಾಷೆಯೊಂದನ್ನು ಕಲಿತಂತೆ ಅನಿಸುತ್ತದೆ. ಕ್ಯೂ, ಕಟ್, ಪ್ಯಾನ್, ಟಿಲ್ಟ್, ಸ್ಟ್ಯಾಂಡ್‌ಬೈ ಎಂಬ ಮಾತುಗಳೆಲ್ಲ ಇಂಗ್ಲಿಷಿನವು. ಆದರೆ ಕೆಲಸದ ಒಳಗುಟ್ಟು ಆ ಸೀಮೆಗೆ ಹೊಸದಲ್ಲ. ಮೂಡಲಪಾಯದ ಬಯಲಾಟ ನೋಡಿದವರಿಗೆ ಮುಮ್ಮೇಳ, ಹಿಮ್ಮೇಳ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ಬಣ್ಣ ಹಚ್ಚಿ ಕುಣಿಯುವವರು ಮುಂದೆ. ತಾಳ ಹಿಡಿದ ಭಾಗವತ, ಮದ್ದಳೆ, ಮುಖವೀಣೆ ಹಿಂದೆ. ಕಣ್ಣಿಗೆ ಕಾಣುವುದು ಮುಮ್ಮೇಳವಾದರೂ ಆಟ ನಡೆಯುವುದು ಭಾಗವತನ ತಾಳದ ಮೇಲೆ. ಟಿ.ವಿ. ಸ್ಟುಡಿಯೊ ಕೂಡ ಹೀಗೆಯೇ ಎರಡು ಕೋಣೆಗಳಾಗಿ ಒಡೆದ ಮೇಳ. ದೀಪಗಳ ಕೆಳಗೆ ಕ್ಯಾಮೆರಾಗಳಿರುವ ದೊಡ್ಡ ಕೋಣೆಗೆ ಫ್ಲೋರ್ ಎನ್ನುತ್ತಾರೆ. ಗಾಜಿನ ಆಚೆಗೋ ಮಹಡಿಯ ಮೇಲೋ ಇರುವ ಸಣ್ಣ ಕೋಣೆಗೆ ಕಂಟ್ರೋಲ್ ರೂಂ ಎನ್ನುತ್ತಾರೆ. ಒಂದೇ ವ್ಯತ್ಯಾಸವೆಂದರೆ ಬಯಲಾಟದ ಭಾಗವತನನ್ನು ಜನ ನೋಡುತ್ತಾರೆ, ಸ್ಟುಡಿಯೊದ ಭಾಗವತನನ್ನು ಯಾರೂ ನೋಡುವುದಿಲ್ಲ.

ಮೂರು ಕಣ್ಣು, ಒಂದು ನೋಟ

ಸಿನಿಮಾಕ್ಕೂ ಟಿ.ವಿ. ಸ್ಟುಡಿಯೊಕ್ಕೂ ಇರುವ ಭೇದವನ್ನು ತಿಳಿಯಲು ಚಿತ್ರದುರ್ಗದ ಕಡೆಯವರು ದೂರ ಹೋಗಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕು ಮನೆತನದ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದಾಗ ದುರ್ಗದ ಕೋಟೆಯೇ ಅದರ ರಂಗಸ್ಥಳವಾಗಿತ್ತು. ಸಿನಿಮಾದ ರೂಢಿಯ ಪದ್ಧತಿಯಲ್ಲಿ ಕ್ಯಾಮೆರಾ ಒಂದು. ಒಬ್ಬನ ಮುಖ ತೆಗೆದು, ಕ್ಯಾಮೆರಾ ಸರಿಸಿ, ದೀಪ ಬದಲಿಸಿ, ಅದೇ ಮಾತನ್ನು ಮತ್ತೆ ಆಡಿಸಿ ಇನ್ನೊಬ್ಬನ ಮುಖ ತೆಗೆಯುತ್ತಾರೆ. ಯಾವ ಚೂರಿನ ಮುಂದೆ ಯಾವ ಚೂರು ಎಂಬುದು ವಾರಗಳ ನಂತರ ಸಂಕಲನಕಾರನ ಮೇಜಿನ ಮೇಲೆ ತೀರ್ಮಾನವಾಗುತ್ತದೆ.

ಸ್ಟುಡಿಯೊದಲ್ಲಿ ಅಷ್ಟು ಪುರಸೊತ್ತಿಲ್ಲ. ಅಲ್ಲಿ ಸಾಮಾನ್ಯವಾಗಿ ಮೂರು ಕ್ಯಾಮೆರಾಗಳು ಒಟ್ಟಿಗೆ ನೋಡುತ್ತಿರುತ್ತವೆ. ಮೂರರ ಚಿತ್ರಗಳೂ ಕಂಟ್ರೋಲ್ ರೂಮಿನ ಮೂರು ಪರದೆಗಳಿಗೆ ಬರುತ್ತವೆ. ನಿರ್ದೇಶಕರು ಅವುಗಳಲ್ಲಿ ಒಂದನ್ನು ಆರಿಸಿ ಸಂಖ್ಯೆ ಕೂಗುತ್ತಾರೆ, ಪಕ್ಕದಲ್ಲಿ ಕುಳಿತವರು ವಿಷನ್ ಮಿಕ್ಸರ್ ಎಂಬ ಯಂತ್ರದ ಗುಂಡಿ ಒತ್ತುತ್ತಾರೆ. ಆ ಕ್ಷಣವೇ ಸಂಕಲನ ಮುಗಿಯಿತು. ನೇರಪ್ರಸಾರವಾದರೆ ಅದು ಆಗಲೇ ಮನೆಮನೆ ಸೇರಿತು, ಹಿಂದಕ್ಕೆ ಪಡೆಯುವ ಮಾತಿಲ್ಲ.

ಇದಕ್ಕೆ ಯಂತ್ರಗಳ ಕಡೆಯಿಂದಲೂ ಒಂದು ಶಿಸ್ತು ಬೇಕು. ನಮ್ಮ ದೇಶದ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಮೂಡುತ್ತವೆ. ಮೂರು ಕ್ಯಾಮೆರಾಗಳೂ ಆ ಇಪ್ಪತ್ತೈದನ್ನು ಒಂದೇ ಹೊತ್ತಿಗೆ ಆರಂಭಿಸಿ ಒಂದೇ ಹೊತ್ತಿಗೆ ಮುಗಿಸಬೇಕು. ಒಂದು ಮುಂದೆ, ಒಂದು ಹಿಂದೆ ಆದರೆ ಬದಲಾವಣೆಯ ಕ್ಷಣದಲ್ಲಿ ಚಿತ್ರ ಜಿಗಿಯುತ್ತದೆ. ಕೋಲಾಟದಲ್ಲಿ ಒಬ್ಬನ ಕೋಲು ತಪ್ಪಿದರೆ ಸಾಲೆಲ್ಲ ಕೆಟ್ಟಂತೆ. ಹೀಗಾಗಿ ಮೂರಕ್ಕೂ ಒಂದೇ ತಾಳ ಹಾಕುವ ಸಂಕೇತವೊಂದನ್ನು ಕೊಡಲಾಗುತ್ತದೆ.

ಕ್ಯಾಮೆರಾಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೂ ಲೆಕ್ಕವುಂಟು. ಎಡಗಡೆಯ ಕ್ಯಾಮೆರಾ ಬಲಗಡೆ ಕುಳಿತವರನ್ನು, ಬಲಗಡೆಯದು ಎಡಗಡೆ ಕುಳಿತವರನ್ನು ನೋಡಬೇಕು, ನಡುವಿನದು ಇಬ್ಬರನ್ನೂ. ಮಾತನಾಡುವ ಇಬ್ಬರ ಮೂಗಿನಿಂದ ಮೂಗಿಗೆ ಒಂದು ಗೆರೆ ಎಳೆದಿದೆ ಎಂದು ಭಾವಿಸಿದರೆ ಮೂರು ಕ್ಯಾಮೆರಾಗಳೂ ಆ ಗೆರೆಯ ಒಂದೇ ಪಕ್ಕದಲ್ಲಿರಬೇಕು. ಒಂದು ಕ್ಯಾಮೆರಾ ಗೆರೆ ದಾಟಿತೋ, ಎದುರು ಬದುರು ಕುಳಿತವರು ತೆರೆಯ ಮೇಲೆ ಒಂದೇ ದಿಕ್ಕಿಗೆ ಮುಖ ಮಾಡಿದಂತೆ ಕಾಣುತ್ತಾರೆ. ಬಸ್ಸಿನ ಹಿಂದು ಮುಂದಿನ ಸೀಟಿನಲ್ಲಿ ಕುಳಿತು ಮಾತಾಡಿದ ಹಾಗೆ. ಕಬಡ್ಡಿಯ ನಡುಗೆರೆಯಂತೆ ಇದನ್ನು ನೆನಪಿಡುವುದು ಸುಲಭ, ಪಾಲಿಸುವುದು ಕಷ್ಟ. ವಿದ್ಯಾರ್ಥಿಗಳ ಮೊದಲ ಪ್ರಯೋಗಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳಲ್ಲಿ ಇದೂ ಒಂದು.

ಫ್ಲೋರಿನ ಮೇಲೆ ಮೈಕ್ ಸದಾ ತೆರೆದಿರುವುದರಿಂದ ಅಲ್ಲಿ ಯಾರೂ ಮಾತನಾಡುವಂತಿಲ್ಲ. ನಿರ್ದೇಶಕರ ಮಾತು ಕಿವಿಗೆ ಸಿಕ್ಕಿಸಿಕೊಂಡ ಸಾಧನದಲ್ಲಿ ಕ್ಯಾಮೆರಾದವರಿಗೂ ಫ್ಲೋರ್ ಮ್ಯಾನೇಜರಿಗೂ ಮಾತ್ರ ಕೇಳಿಸುತ್ತದೆ. ಫ್ಲೋರ್ ಮ್ಯಾನೇಜರು ಅದನ್ನು ಕೈಸನ್ನೆಗೆ ತಿರುಗಿಸುತ್ತಾರೆ. ಐದು ಬೆರಳು ಎತ್ತಿ ಒಂದೊಂದಾಗಿ ಮಡಚಿದರೆ ಆರಂಭಕ್ಕೆ ಎಣಿಕೆ. ಎರಡು ಕೈಗಳಿಂದ ರಬ್ಬರ್ ಎಳೆದಂತೆ ಮಾಡಿದರೆ ಮಾತನ್ನು ಇನ್ನಷ್ಟು ಎಳೆಯಿರಿ ಎಂದು. ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಬೇಗ ಮುಗಿಸಿ. ಕತ್ತಿನ ಮೇಲೆ ಅಡ್ಡಲಾಗಿ ಕೈ ಆಡಿಸಿದರೆ ನಿಲ್ಲಿಸಿ. ಮೊದಲ ಬಾರಿಗೆ ಬಂದ ಅತಿಥಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಆತ ಮಾತು ಬಿಟ್ಟು ಸನ್ನೆಯನ್ನೇ ನೋಡುತ್ತ ಕೂರುತ್ತಾನೆ.

ಸಮಯದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡುವುದು ಇನ್ನೊಂದು ವಿಚಿತ್ರ. ವಾರ್ತೆ 7.30ಕ್ಕೆ ಸರಿಯಾಗಿ ಮುಗಿಯಬೇಕು. ಮುಕ್ತಾಯದ ಸಂಗೀತಕ್ಕೆ 20 ಸೆಕೆಂಡು, ಹವಾಮಾನಕ್ಕೆ ಒಂದು ನಿಮಿಷ ಹತ್ತು ಸೆಕೆಂಡು. ಅಂದರೆ 7 ಗಂಟೆ 28 ನಿಮಿಷ 30 ಸೆಕೆಂಡಿಗೆ ಹವಾಮಾನ ಶುರುವಾಗಲೇಬೇಕು. ಆಗ ಓದುತ್ತಿರುವ ಸುದ್ದಿ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಕತ್ತರಿ.

ಹೈದರಾಬಾದಿನಲ್ಲಿ ಹುಟ್ಟಿದ ಕನ್ನಡ ಟಿ.ವಿ.

ಕನ್ನಡಿಗರು ಈ ವಿದ್ಯೆಯನ್ನು ಕಲಿತ ಬಗೆಗೂ ಒಂದು ಚರಿತ್ರೆ ಇದೆ. ಭಾರತದಲ್ಲಿ ಟಿ.ವಿ. ಪ್ರಯೋಗ ದೆಹಲಿಯಲ್ಲಿ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. ಕನ್ನಡ ನಾಡಿನ ಹಳ್ಳಿಗಳಿಗೆ ಅದು ಬಂದದ್ದು ಬೆಂಗಳೂರಿನ ದಾರಿಯಿಂದಲ್ಲ, ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ಅಮೆರಿಕದ ಎ.ಟಿ.ಎಸ್-6 ಉಪಗ್ರಹದಿಂದ ಬಂದ ಸಂಕೇತವನ್ನು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ದೊಡ್ಡ ತಟ್ಟೆಯಂಥ ಆಂಟೆನಾ ಹಿಡಿಯುತ್ತಿತ್ತು. ಊರಿಗೊಂದು ಪೆಟ್ಟಿಗೆಯ ಮುಂದೆ ಜನ ಸೇರುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಚಳ್ಳಕೆರೆ, ಮೊಳಕಾಲ್ಮುರು ಆ ಪಟ್ಟಿಯಲ್ಲಿರಲಿಲ್ಲ.

ಈ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನ ಜೊತೆಜೊತೆಗೆ. ಕರ್ನಾಟಕದಲ್ಲಿ ಆಗ ಟಿ.ವಿ. ಸ್ಟುಡಿಯೊ ಇರಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಆರಂಭವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಇಪ್ಪತ್ತನೆಯ ಶತಮಾನದ ಕೊನೆಯ ತಿಂಗಳಲ್ಲಿ, ಅಂದರೆ 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾದಾಗ ಅದರ ಸುದ್ದಿಮನೆ ಇದ್ದದ್ದೂ ಹೈದರಾಬಾದಿನ ರಾಮೋಜಿ ಫಿಲಂ ಸಿಟಿಯಲ್ಲೇ. ಬಳ್ಳಾರಿ, ಚಿತ್ರದುರ್ಗ, ಹಾವೇರಿಗಳ ಸುದ್ದಿಯನ್ನು ಆಂಧ್ರದ ರಾಜಧಾನಿಯಲ್ಲಿ ಕುಳಿತು ಕನ್ನಡದಲ್ಲಿ ಓದಲಾಗುತ್ತಿತ್ತು. ಕನ್ನಡ ಟಿ.ವಿ.ಯ ಸ್ಟುಡಿಯೊ ವಿದ್ಯೆ ಎರಡೆರಡು ಬಾರಿ ಹೊರಗಿನ ನೆಲದಲ್ಲಿ ಬೇರು ಬಿಟ್ಟಿತೆನ್ನುವುದನ್ನು ನಮ್ಮಲ್ಲಿ ಅಷ್ಟಾಗಿ ಯಾರೂ ನೆನೆಯುವುದಿಲ್ಲ. ತೆಲುಗು ಬಲ್ಲ ಮೊಳಕಾಲ್ಮುರು ಗಡಿಯ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದಿನ ಓಣಿಗಳು ಹೆಚ್ಚು ಸಲೀಸು ಎನಿಸಿದ್ದರೆ ಅಚ್ಚರಿಯಿಲ್ಲ.

ಮೊದಲ ತಲೆಮಾರಿನವರು ಕಲಿತದ್ದು ಕಾಲೇಜಿನಲ್ಲಲ್ಲ. ಆಕಾಶವಾಣಿಯಿಂದ, ರಂಗಭೂಮಿಯಿಂದ, ಸಿನಿಮಾದಿಂದ ಬಂದು ಕೆಲಸ ಮಾಡುತ್ತಲೇ ಕಲಿತರು. ದೂರದರ್ಶನದ ಸಿಬ್ಬಂದಿಗೆ ಪುಣೆಯ ಫಿಲಂ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ತರಬೇತಿ ಸಿಗುತ್ತಿತ್ತು. ನಮ್ಮಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಬೋಧನೆಗೆ ನಾಂದಿ ಹಾಡಿದ್ದರೂ ಅದು ಬಹುಕಾಲ ಅಚ್ಚಿನ ಮಸಿಯ ವಿದ್ಯೆಯಾಗಿಯೇ ಇತ್ತು. 1994ರಲ್ಲಿ ಉದಯ ಟಿ.ವಿ. ಬಂತು. 2006ರಲ್ಲಿ ಟಿವಿ9 ಕನ್ನಡ ಬಂದ ಮೇಲೆ ದಿನದ 24 ಗಂಟೆಯೂ ಸುದ್ದಿ ಬೇಕಾಯಿತು, ಕ್ಯಾಮೆರಾ ಹಿಡಿಯುವವರು ನೂರಾರು ಮಂದಿ ಬೇಕಾದರು. ಸ್ಟುಡಿಯೊ ಪಾಠ ಪದವಿ ತರಗತಿಗಳ ಪಠ್ಯಕ್ಕೆ ಇಳಿದದ್ದರ ಹಿಂದೆ ಈ ಬೇಡಿಕೆ ಇದೆ. ಪಠ್ಯವೇನೋ ಬಂತು. ಸ್ಟುಡಿಯೊ ಎಲ್ಲ ಕಾಲೇಜಿಗೂ ಬರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದಿಂದ 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಕೈ ಬದಲಾಯಿಸಿದ ಈ ಅವಧಿಯಲ್ಲಿ, ನಾಡಿನ ಸಣ್ಣ ಊರುಗಳ ಎಷ್ಟೋ ವಿದ್ಯಾರ್ಥಿಗಳು ವಿಷನ್ ಮಿಕ್ಸರಿನ ಗುಂಡಿಗಳನ್ನು ಕಪ್ಪು ಹಲಗೆಯ ಮೇಲೆ ನೋಡಿಯೇ ಪರೀಕ್ಷೆ ಬರೆದಿದ್ದಾರೆ.

ಜರಿಯ ಹೊಳಪು, ಕಂಬಳಿಯ ಮೌನ

ಸ್ಟುಡಿಯೊ ಇಲ್ಲದಿದ್ದರೂ ಬೆಳಕು ಮತ್ತು ಶಬ್ದದ ಪಾಠವನ್ನು ಕಲಿಯಲು ಈ ಎರಡು ಊರುಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ.

ಮುಖದ ಮೇಲೆ ಬೆಳಕು ಬೀಳಿಸಲು ಕನಿಷ್ಠ ಮೂರು ದೀಪ ಬೇಕೆನ್ನುವುದು ಮೊದಲ ಸೂತ್ರ. ಒಂದು ಪಕ್ಕದಿಂದ ಮುಖ್ಯ ದೀಪ. ಅದರಿಂದ ಮೂಗಿನ ಆಚೆ ಬೀಳುವ ನೆರಳನ್ನು ತಿಳಿಗೊಳಿಸಲು ಇನ್ನೊಂದು ಪಕ್ಕದಿಂದ ಮೆದುವಾದ ದೀಪ. ತಲೆ, ಭುಜಗಳ ಅಂಚನ್ನು ಹಿಂದಿನ ಗೋಡೆಯಿಂದ ಬಿಡಿಸಿ ತೋರಿಸಲು ಹಿಂಬದಿಯಿಂದ ಮೂರನೆಯದು. ಈ ಮೂರನೆಯದನ್ನು ಮರೆತರೆ ಕಪ್ಪು ಕೂದಲು ಕಪ್ಪು ಪರದೆಯಲ್ಲಿ ಕರಗಿ ಮುಖ ಮಾತ್ರ ತೇಲುತ್ತದೆ.

ಈಗ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟ ಅತಿಥಿಯನ್ನು ಈ ದೀಪಗಳ ನಡುವೆ ಕೂರಿಸಿದರೆ ಪಾಠದ ಅರ್ಧ ಭಾಗ ಒಂದೇ ಸಲಕ್ಕೆ ಎದುರಾಗುತ್ತದೆ. ಜರಿ ಅಂಚು ಕನ್ನಡಿಯಂತೆ ದೀಪವನ್ನು ಸೀದಾ ಕ್ಯಾಮೆರಾದ ಕಣ್ಣಿಗೆ ಎಸೆಯುತ್ತದೆ. ಕ್ಯಾಮೆರಾ ಆ ಹೊಳಪಿಗೆ ಹೊಂದಿಕೊಳ್ಳಲು ಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಮೈಯ ತುಂಬ ಸಣ್ಣ ಸಣ್ಣ ಚೌಕುಳಿ ಇದ್ದರೆ ಇನ್ನೊಂದು ಫಜೀತಿ. ಕ್ಯಾಮೆರಾ ಚಿತ್ರವನ್ನು ಗೆರೆಗೆರೆಯಾಗಿ, ಚುಕ್ಕೆಚುಕ್ಕೆಯಾಗಿ ಒಡೆದು ಓದುತ್ತದೆ. ಬಟ್ಟೆಯ ಗೆರೆಗಳೂ ಹೆಚ್ಚುಕಡಿಮೆ ಅಷ್ಟೇ ಸಾಂದ್ರವಾಗಿದ್ದರೆ ಎರಡೂ ಒಂದರ ಮೇಲೊಂದು ಬಿದ್ದು, ಸೀರೆಯ ಮೇಲೆ ಇಲ್ಲದ ಅಲೆಗಳು ನೀರಿನಂತೆ ಓಡಾಡತೊಡಗುತ್ತವೆ. ಹಳೆಯ ಕ್ಯಾಮೆರಾಗಳಲ್ಲಾದರೆ ಗಾಢ ಕೆಂಪು ಬಣ್ಣ ತನ್ನ ಅಂಚು ಬಿಟ್ಟು ಹೊರಗೆ ಸೋರುತ್ತಿತ್ತು. ಇಷ್ಟು ಸಾಲದೆಂಬಂತೆ, ಎದೆಯ ಬಳಿ ಸಿಕ್ಕಿಸಿದ ಪುಟ್ಟ ಮೈಕಿಗೆ ರೇಷ್ಮೆಯ ಸರಬರ ಸದ್ದು ಒಣ ಎಲೆ ತುಳಿದಂತೆ ಕೇಳಿಸುತ್ತದೆ.

ಸೀರೆ ಬದಲಿಸಿ ಎಂದುಬಿಡುವುದು ಸುಲಭದ ಪರಿಹಾರ. ಬಹುತೇಕ ಕೈಪಿಡಿಗಳೂ ಹಾಗೆಯೇ ಹೇಳುತ್ತವೆ: ನೀಲಿ, ಬೂದು, ಸಾದಾ ಬಟ್ಟೆ ಹಾಕಿಕೊಂಡು ಬನ್ನಿ. ಆದರೆ ನೇಕಾರರ ಬಗೆಗೇ ಕಾರ್ಯಕ್ರಮ ಇದ್ದಾಗ ಸೀರೆಯನ್ನು ಹೊರಗಿಟ್ಟು ಮಾತನಾಡುವುದು ಹೇಗೆ? ದೀಪದ ಮುಂದೆ ಬಟರ್ ಪೇಪರ್ ಕಟ್ಟಿ ಬೆಳಕನ್ನು ಹರಡಬಹುದು. ದೀಪವನ್ನು ಇನ್ನಷ್ಟು ಮೇಲಕ್ಕೂ ಪಕ್ಕಕ್ಕೂ ಸರಿಸಿ ಜರಿಯ ಹೊಳಪು ಬೇರೆ ದಿಕ್ಕಿಗೆ ಹೋಗುವಂತೆ ಮಾಡಬಹುದು. ಕ್ಯಾಮೆರಾವನ್ನು ತುಸು ಹತ್ತಿರ ತಂದರೆ ಚೌಕುಳಿ ದೊಡ್ಡದಾಗಿ ಅಲೆ ನಿಲ್ಲುತ್ತದೆ. ಮೈಕನ್ನು ಸೆರಗು ತಾಗದ ಕಡೆ ಸಿಕ್ಕಿಸಬಹುದು. ಇದಕ್ಕೆಲ್ಲ ಅರ್ಧ ಗಂಟೆ ಹೆಚ್ಚು ಬೇಕು. ಆ ಅರ್ಧ ಗಂಟೆಯನ್ನು ಕೊಡುವುದೋ ಬಿಡುವುದೋ ಎಂಬ ತೀರ್ಮಾನದಲ್ಲಿ ನಿರ್ದೇಶಕರ ಸ್ವಭಾವ ಗೊತ್ತಾಗುತ್ತದೆ.

ಶಬ್ದಕ್ಕೆ ಚಳ್ಳಕೆರೆಯಲ್ಲಿ ಉತ್ತರವಿದೆ. ಸುಣ್ಣ ಬಳಿದ ಗೋಡೆ, ಗಾರೆ ನೆಲ, ಸಿಮೆಂಟ್ ಛಾವಣಿಯ ತರಗತಿಯಲ್ಲಿ ಆಡಿದ ಮಾತು ಗೋಡೆಗೆ ಬಡಿದು ಮತ್ತೆ ಮೈಕಿಗೆ ಬರುತ್ತದೆ. ನಮ್ಮ ಕಿವಿ ಅದನ್ನು ಕಡೆಗಣಿಸುತ್ತದೆ, ಮೈಕಿಗೆ ಆ ಜಾಣತನವಿಲ್ಲ. ಮಾತು ಬಾವಿಯೊಳಗಿಂದ ಬಂದಂತೆ ದಾಖಲಾಗುತ್ತದೆ. ದೊಡ್ಡ ಸ್ಟುಡಿಯೊಗಳು ಗೋಡೆಗೆ ದುಬಾರಿ ಹಲಗೆಗಳನ್ನು ಹೊಡೆದು ಈ ಪ್ರತಿಧ್ವನಿಯನ್ನು ನುಂಗಿಸುತ್ತವೆ. ಅದೇ ಕೆಲಸವನ್ನು ಚಳ್ಳಕೆರೆ ಸೀಮೆಯ ಕರಿ ಕಂಬಳಿ ಕೂಡ ಮಾಡುತ್ತದೆ. ಕುರಿಯ ಉಣ್ಣೆಯ ಒರಟು ಎಳೆಗಳ ನಡುವಿನ ಗಾಳಿಯಲ್ಲಿ ಸಿಕ್ಕಿಕೊಂಡ ಶಬ್ದ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು, ನಿರಿಗೆ ಹಿಡಿದು ಕಂಬಳಿಗಳನ್ನು ಇಳಿಬಿಟ್ಟರೆ ಮಾತಿಗೆ ಬೇಕಾದಷ್ಟು ಮೌನ ದೊರೆಯುತ್ತದೆ. ಗುಡುಗಿನಂಥ ಗಂಭೀರ ಸದ್ದಿಗೆ ಅದು ಸಾಲದು. ಫ್ಯಾನ್ ಮಾತ್ರ ನಿಲ್ಲಿಸಲೇಬೇಕು, ಬೇಸಿಗೆಯಲ್ಲೂ. ಹಿಂದೆ ಒಂದೊಂದು ದೀಪವೂ ಸಾವಿರ ವಾಟಿನದಾಗಿದ್ದ ಕಾಲದಲ್ಲಿ ಹತ್ತು ದೀಪ ಉರಿಸಿದ ಕೋಣೆಯ ಪಾಡು ಒಲೆಯ ಪಾಡಾಗಿತ್ತು. ಎಲ್‌ಇಡಿ ದೀಪ ಬಂದ ಮೇಲೆ ಆ ಸಂಕಟ ಬಹಳ ಇಳಿದಿದೆ.

ಕ್ರಿಯಾಪದ ಕೊನೆಯಲ್ಲಿ

ಪಠ್ಯಪುಸ್ತಕಗಳು ಬಹುಪಾಲು ಇಂಗ್ಲಿಷಿನವು. ಯಂತ್ರದ ವಿಷಯಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಬರವಣಿಗೆಯಲ್ಲಿ. ಚಿತ್ರ ಮತ್ತು ಮಾತು ಒಂದನ್ನೊಂದು ಮುಟ್ಟಬೇಕು, ಮುಖ್ಯವಾದ ಪದ ಬಂದ ಕೂಡಲೇ ಅದರ ಚಿತ್ರ ಬರಬೇಕು ಎನ್ನುವುದು ಆ ಪುಸ್ತಕಗಳ ಬೋಧೆ. ಇಂಗ್ಲಿಷಿನಲ್ಲಿ ಯಾರು, ಏನು ಮಾಡಿದರು ಎನ್ನುವುದು ವಾಕ್ಯದ ಮೊದಲಿಗೇ ಬಂದುಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ‘ಶೇಂಗಾ ಬೆಳೆಗೆ ಬೆಂಬಲ ಬೆಲೆ ಘೋಷಿಸಬೇಕು, ಬೆಳೆ ವಿಮೆಯ ಹಣ ಕೂಡಲೇ ಬಿಡುಗಡೆ ಮಾಡಬೇಕು ಎಂದು ಒತ್ತಾಯಿಸಿ ಚಳ್ಳಕೆರೆಯಲ್ಲಿ ರೈತರು ಮೆರವಣಿಗೆ ನಡೆಸಿದರು’ ಎಂಬುದು ಪತ್ರಿಕೆಗೆ ಸರಿಯಾದ ವಾಕ್ಯ. ಟಿ.ವಿ.ಯಲ್ಲಿ ಇದನ್ನು ಓದಿದರೆ ಮೆರವಣಿಗೆಯ ಚಿತ್ರ ಕಾಣಿಸಿಕೊಂಡು ಹತ್ತು ಸೆಕೆಂಡು ಕಳೆದ ಮೇಲೆ ಮೆರವಣಿಗೆ ಎಂಬ ಪದ ಬರುತ್ತದೆ. ಅಷ್ಟರಲ್ಲಿ ಚಿತ್ರವೇ ಮುಗಿದಿರಬಹುದು.

ಹೀಗಾಗಿ ಕನ್ನಡದ ಸ್ಟುಡಿಯೊ ಬರಹಗಾರ ವಾಕ್ಯವನ್ನು ಒಡೆಯಲು ಕಲಿಯಬೇಕು. ‘ಚಳ್ಳಕೆರೆಯಲ್ಲಿ ಇಂದು ರೈತರ ಮೆರವಣಿಗೆ. ಶೇಂಗಾಕ್ಕೆ ಬೆಂಬಲ ಬೆಲೆ ಬೇಕು. ವಿಮೆ ಹಣ ಬರಬೇಕು. ಇದು ಅವರ ಒತ್ತಾಯ.’ ಕ್ರಿಯಾಪದವೇ ಇಲ್ಲದ ವಾಕ್ಯಗಳು ಕನ್ನಡಕ್ಕೆ ಸಹಜವಾಗಿ ಒಗ್ಗುತ್ತವೆ ಎಂಬುದು ನಮ್ಮ ಪುಣ್ಯ. ಇದೇ ಹಾದಿಯಲ್ಲಿ ಅತಿಗೆ ಹೋದದ್ದರ ಫಲವೇ ಇಂದಿನ ಸುದ್ದಿವಾಹಿನಿಗಳ ಕೂಗಾಟದ ತುಂಡು ತುಂಡು ಭಾಷೆ ಎಂದು ದೂರುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಉಚ್ಚಾರಣೆಯ ವಿಷಯ ಇನ್ನೂ ಸೂಕ್ಷ್ಮ. ಹಾಲು ‘ಆಲು’ ಆಗುವ, ಶಾಲೆ ‘ಸಾಲೆ’ ಆಗುವ ಮನೆಮಾತಿನಿಂದ ಬಂದ ವಿದ್ಯಾರ್ಥಿಯನ್ನು ಮೈಕಿನ ಮುಂದೆ ನಿಲ್ಲಿಸಿದಾಗ ಸಹಪಾಠಿಗಳು ನಗುವುದುಂಟು. ಕೆಲವರು ಅಲ್ಲಿಗೇ ಸ್ವರ ತಗ್ಗಿಸಿ ಕ್ಯಾಮೆರಾ ಹಿಂದಕ್ಕೆ ಸರಿದುಬಿಡುತ್ತಾರೆ. ವಾರ್ತೆ ಓದುವವರ ಉಚ್ಚಾರಣೆ ಎಲ್ಲರಿಗೂ ತಿಳಿಯುವಂತಿರಬೇಕು, ಅದನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಆದರೆ ಸಂದರ್ಶನಕ್ಕೆ ಆ ನಿಯಮವೇಕೆ? ಹಟ್ಟಿಯ ಮುದುಕಿಯೊಬ್ಬಳನ್ನು ಮಾತನಾಡಿಸಲು ಆಕೆಯ ಮಾತು ಬಲ್ಲವನೇ ತಕ್ಕವನು. ಕಾಲೇಜಿನ ಸ್ಟುಡಿಯೊ ಈ ಎರಡನ್ನೂ ಬೇರೆ ಬೇರೆಯಾಗಿ ಕಲಿಸಿದರೆ ಎಷ್ಟೋ ಗಂಟಲುಗಳು ಉಳಿಯುತ್ತವೆ.

ರಾತ್ರಿಯಿಡೀ ನಡೆಯುವ ಪದ

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ಜಾನಪದದ ಓದುಗರು ಬಲ್ಲರು. ಅಕ್ಷರ ಅರಿಯದ ಈ ಕಾಡುಗೊಲ್ಲ ಹೆಂಗಸು ಸಾವಿರಾರು ಪದಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದಳು. ಕೃಷ್ಣಮೂರ್ತಿ ಹನೂರು ಅವರು ಆಕೆಯ ಹಾಡುಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದರು. ಜುಂಜಪ್ಪ, ಎತ್ತಪ್ಪರಂಥ ಕಾಡುಗೊಲ್ಲರ ವೀರರ ಕಥನಗಳು, ಮ್ಯಾಸಬೇಡರ ಗಾದ್ರಿ ಪಾಲನಾಯಕನ ಕಥನ ಈ ಎರಡು ತಾಲ್ಲೂಕುಗಳ ನೆಲದಲ್ಲಿ ಬಾಯಿಂದ ಬಾಯಿಗೆ ಬಂದವು. ಒಂದು ಕಥನಕ್ಕೆ ಒಂದು ರಾತ್ರಿ ಸಾಲದಿದ್ದರೂ ಸಾಲದು.

ಇಂಥ ಹಾಡುಗಾರ್ತಿಯರು ಸ್ಟುಡಿಯೊಗೆ ಬಂದರೆಂದು ಇಟ್ಟುಕೊಳ್ಳೋಣ. ಹಿಂದೆ ಬಣ್ಣದ ಹಲಗೆಯ ಗುಡಿಸಲು, ಮುಂದೆ ಮೂರು ಕ್ಯಾಮೆರಾ, ಮೂರು ನಿಮಿಷದ ಅವಕಾಶ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಜೊತೆಯವರು ಅದನ್ನೇ ಹಿಡಿದು ಹಿಂದಿರುಗಿಸುತ್ತಾರೆ. ಸಿನಿಮಾ ಹಾಡು ನೋಡಿ ಬೆಳೆದ ನಿರ್ದೇಶಕ ಸೊಲ್ಲು ಎತ್ತುವವಳ ಮುಖಕ್ಕೆ ಹತ್ತಿರದ ನೋಟ ಕೊಟ್ಟು, ಜೊತೆಯವರು ಹಾಡುವಾಗ ಗುಡಿಸಲನ್ನೋ ದೀಪವನ್ನೋ ತೋರಿಸುತ್ತಾನೆ. ಅವನಿಗೆ ಮರುಸೊಲ್ಲು ಬರೀ ಪುನರಾವರ್ತನೆ. ಆದರೆ ಹಾಡುವವಳಿಗೆ ಅದು ಉಸಿರು ತೆಗೆದುಕೊಳ್ಳುವ, ಮುಂದಿನ ಸಾಲನ್ನು ನೆನಪಿನಿಂದ ಎಳೆಯುವ ಹೊತ್ತು. ಜೊತೆಯವಳು ಹಿಂದಿರುಗಿಸದಿದ್ದರೆ ಪದ ಮುಂದೆ ಹೋಗದು. ಹಾಡಿನ ಅರ್ಧ ಜೀವ ಅಲ್ಲಿದೆ. ಕ್ಯಾಮೆರಾ ನೋಡಿ ಹಾಡಿ ಎಂದು ಫ್ಲೋರ್ ಮ್ಯಾನೇಜರು ಸನ್ನೆ ಮಾಡಿದರಂತೂ ಕೆಟ್ಟಿತು. ಆಕೆ ನೋಡಬೇಕಾದದ್ದು ಜೊತೆಯವಳ ಬಾಯನ್ನು.

ಮೂರು ಕ್ಯಾಮೆರಾದ ಪದ್ಧತಿ ಇಂಥ ಹಾಡಿಗೆ ನಿಜವಾಗಿ ಒದಗಬಲ್ಲದು. ಒಂದು ಕ್ಯಾಮೆರಾ ಸೊಲ್ಲು ಎತ್ತುವವಳ ಮೇಲೆ, ಒಂದು ಹಿಂದಿರುಗಿಸುವವರ ಮೇಲೆ, ಮೂರನೆಯದು ಇಬ್ಬರ ನಡುವಿನ ನೋಟದ ಮೇಲೆ ನಿಂತರೆ ಹಾಡಿನ ಕಟ್ಟೇ ತೆರೆಯ ಮೇಲೆ ಮೂಡುತ್ತದೆ. ಹಾಗೆ ನಿಲ್ಲಿಸಬೇಕೆಂದು ತಿಳಿಯಲು ಮೊದಲು ಹಟ್ಟಿಗೆ ಹೋಗಿ ಕೇಳಿರಬೇಕು. ಹಾಡಿನ ಊರಿನಿಂದಲೇ ಬಂದ ಹುಡುಗಿಯೊಬ್ಬಳು ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದರೆ ಆಕೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಾರು ಆ ಕುರ್ಚಿಯಲ್ಲಿ ಕೂರುತ್ತಾರೆ ಎಂಬುದರ ಮೇಲೆ ಯಾವುದು ಉಳಿಯುತ್ತದೆ, ಯಾವುದು ಗುಡಿಸಲ ಚಿತ್ರದ ಹಿಂದೆ ಅಡಗುತ್ತದೆ ಎಂಬುದು ನಿಂತಿದೆ. ಸಣ್ಣ ಊರಿನ ಕಾಲೇಜುಗಳಲ್ಲಿ ಈ ಪಾಠ ಸರಿಯಾಗಿ ನಡೆಯಬೇಕೆನ್ನಲು ಉದ್ಯೋಗಕ್ಕಿಂತ ದೊಡ್ಡ ಕಾರಣ ಇದು.

ಕಾರ್ಯಕ್ರಮದ ಕೊನೆಯಲ್ಲಿ ಹೆಸರುಗಳು ಸರಸರನೆ ಮೇಲಕ್ಕೆ ಓಡುತ್ತವೆ, ಯಾರೂ ಓದುವುದಿಲ್ಲ. ಹಾಗೆ ಕೊನೆಯಲ್ಲಿ ಕೆಲಸಗಾರನ ಹೆಸರು ಹಾಕುವ ಪದ್ಧತಿಗೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಹಳ ಹಳೆಯ ಸಾಕ್ಷಿಯಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ದಾಟಿಸಿದ ಸಂದೇಶ. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅದನ್ನು ಕೆತ್ತಲಾಗಿದೆ. ಒಂದು ಕೇಂದ್ರದಿಂದ ಹೊರಟ ಮಾತು ನಡುವಿನ ಠಾಣೆಯ ಮೂಲಕ ಮೂರು ಕಡೆ ಬಿತ್ತರವಾದದ್ದನ್ನು ಇಂದಿನ ಭಾಷೆಯಲ್ಲಿ ಮರುಪ್ರಸಾರ ಎನ್ನಬೇಕು. ಬ್ರಹ್ಮಗಿರಿಯಲ್ಲಿ ಸಂದೇಶವೆಲ್ಲ ಬ್ರಾಹ್ಮಿಯಲ್ಲಿ ಮುಗಿದ ಮೇಲೆ ಬರೆದವನ ಹೆಸರು ಚಪಡ ಎಂದಿದೆ. ‘ಲಿಪಿಕಾರನಿಂದ’ ಎಂಬ ಅರ್ಥದ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿದೆ. ಈ ಸೀಮೆಯಲ್ಲಿ ಆಗ ಆ ಲಿಪಿಯನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ! ಚಪಡನಿಗೆ ಅದರ ಚಿಂತೆ ಇದ್ದಂತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಸ್ಟುಡಿಯೊದ ಬೆಲೆ ಕುಸಿದಿದೆ. ಹಿಂದೆ ವಿಷನ್ ಮಿಕ್ಸರ್ ಮಾಡುತ್ತಿದ್ದ ಕೆಲಸವನ್ನು ಉಚಿತವಾಗಿ ಸಿಗುವ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್ ಮಾಡುತ್ತದೆ. ಮೂರು ಮೊಬೈಲ್ ಫೋನುಗಳನ್ನು ಮೂರು ಕ್ಯಾಮೆರಾಗಳಾಗಿ ಅದಕ್ಕೆ ಜೋಡಿಸಬಹುದು. 2020ರ ಜುಲೈನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಪ್ರೌಢಶಾಲೆಯ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ತರಗತಿಯಲ್ಲಿ ನಲವತ್ತು ಮುಖ ನೋಡಿ ಪಾಠ ಮಾಡಿ ಅಭ್ಯಾಸವಾದ ಶಿಕ್ಷಕರು, ಅರ್ಥವಾಯಿತೇ ಎಂದು ಕೇಳಿದರೆ ತಲೆಯಾಡಿಸದ ಗಾಜಿನ ಕಣ್ಣಿಗೆ ಪಾಠ ಹೇಳಬೇಕಾಯಿತು. ಸೈಟ್ ಪ್ರಯೋಗ ಆರಂಭವಾಗಿ ನಲವತ್ತೈದು ವರ್ಷ ಆಗುತ್ತಿದ್ದ ಹೊತ್ತಿಗೆ ಹಳ್ಳಿಯ ಮಕ್ಕಳು ಮತ್ತೆ ಟಿ.ವಿ. ಮುಂದೆ ಪುಸ್ತಕ ಹಿಡಿದು ಕುಳಿತರು. ಈ ಬಾರಿ ಪಾಠ ತಯಾರಾದದ್ದು ಕರ್ನಾಟಕದಲ್ಲೇ.

ಸಾಮಗ್ರಿ ಅಗ್ಗವಾದರೂ ಕಲಿಕೆಯ ಕ್ರ‌ಮ ಬದಲಾಗಿಲ್ಲ. ಹತ್ತು ನಿಮಿಷದ ಒಂದು ಸಂದರ್ಶನ. ತರಗತಿಯ ಪ್ರತಿಯೊಬ್ಬರೂ ಸರದಿಯ ಮೇಲೆ ಒಮ್ಮೆ ಕ್ಯಾಮೆರಾ ಹಿಡಿಯಬೇಕು, ಒಮ್ಮೆ ಗುಂಡಿ ಒತ್ತಬೇಕು, ಒಮ್ಮೆ ಮೈಕ್ ಸಿಕ್ಕಿಸಬೇಕು, ಒಮ್ಮೆ ಫ್ಲೋರಿನ ಮೇಲೆ ಬೆರಳು ಎಣಿಸಬೇಕು, ಒಮ್ಮೆ ದೀಪದ ಕೆಳಗೆ ಕುಳಿತು ಬೆವರಬೇಕು. ನಿರ್ದೇಶಕರ ಕುರ್ಚಿಗೆ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.